½ ಕೇಜಿ ಬೇಳೆ, 1½ ಕೇಜಿ ಸಕ್ಕರೆ ಮತ್ತು ಕಂಜಿಯ ‘ಸರಿಯಾದ’ ಉಚ್ಚಾರಣೆ

ಬೆಂಗಳೂರಿನಲ್ಲಿ ಜಪಾನೀ ಭಾಷೆ ಕಲಿಸುತ್ತಾ, ನಡುನಡುವೆ ಕಾರ್ಖಾನೆಗಳಲ್ಲಿ ದುಭಾಷಿ ಕೆಲಸ ಮಾಡುತ್ತಾ ಇಪ್ಪತ್ತೆರಡು ವರ್ಷವಾಯಿತು. ಕಂಜಿ, ಅಂದರೆ ಚೀನಾದಿಂದ ಬಂದು ಜಪಾನೀ ಬರಹದಲ್ಲಿ ಸೇರಿಕೊಂಡ, ಅರ್ಥ ಸೂಚಿಸುವ ಅಕ್ಷರಗಳು. ಅವುಗಳ ಬಗ್ಗೆ ಬರುವ ಪ್ರಶ್ನೆಗಳು ಮಾತ್ರ ಮೊದಲ ವರ್ಷದಿಂದ ಬದಲಾಗಿಲ್ಲ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ, ಒಟ್ಟಿಗೆ ಬರೆದುಬಿಡುತ್ತೇನೆ.

ಶುರುಮಾಡುವ ಮೊದಲು ಎರಡು ಮಾತು. ಅದು ‘ಕಂಜಿ’, ಗಂಜಿಯ ಪ್ರಾಸ. ‘ಕಾಂಜಿ’ ಎಂದು ಎಳೆಯಬೇಡಿ. ಹಿರಗಾನ, ಕತಕಾನ ಎಂಬ 46–46 ಉಚ್ಚಾರಣೆಯ ಅಕ್ಷರಗಳನ್ನು (ಎರಡಕ್ಕೂ ಸೇರಿಸಿ ‘ಕನಾ’ ಎನ್ನುತ್ತಾರೆ) ಇಲ್ಲಿ ವಿವರಿಸುವುದಿಲ್ಲ. ಅದು ಎರಡು ವಾರದ ಕೆಲಸ, ಕಲಿತು ಬನ್ನಿ. ಜಪಾನೀ ಅಕ್ಷರಗಳನ್ನೂ ಇಲ್ಲಿ ಅಚ್ಚು ಹಾಕುತ್ತಿಲ್ಲ. [ನೀರು] ಎಂದು ಆವರಣದಲ್ಲಿ ಬರೆದರೆ ನೀರಿನ ಕಂಜಿ ಎಂದು ತಿಳಿಯಿರಿ.

ಆರು ತಿಂಗಳಿನಿಂದ ಮೊಬೈಲ್ ಆ್ಯಪ್‌ನಲ್ಲಿ ಕಂಜಿ ಬಾಯಿಪಾಠ ಮಾಡುತ್ತಿದ್ದೇನೆ. ಪ್ರತಿ ಅಕ್ಷರಕ್ಕೂ ‘ಓನ್’ ಎಂದು ಒಂದಷ್ಟು, ‘ಕುನ್’ ಎಂದು ಒಂದಷ್ಟು ಉಚ್ಚಾರಣೆ ಕೊಟ್ಟಿದ್ದಾರೆ. 300 ಅಕ್ಷರ ಮುಗಿಯಿತು, ಒಂದು ಸಾಲು ಓದಲು ಬರುತ್ತಿಲ್ಲ. ಇವುಗಳಲ್ಲಿ ಸರಿಯಾದ ಉಚ್ಚಾರಣೆ ಯಾವುದು? (ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಹೀಗೆ ಓದಿದರೆ ಇನ್ನೂ ಆರು ತಿಂಗಳಾದರೂ ಬರುವುದಿಲ್ಲ. ತಪ್ಪು ನಿಮ್ಮದಲ್ಲ, ಪಟ್ಟಿಯದು.

ಮನೆಯಲ್ಲಿ ದಿನಸಿ ಚೀಟಿ ಇದ್ದರೆ ತೆಗೆಯಿರಿ. ‘½ ಕೇಜಿ ತೊಗರಿಬೇಳೆ, 1½ ಕೇಜಿ ಸಕ್ಕರೆ’ ಎಂದು ಬರೆದಿದೆ ಅಂದುಕೊಳ್ಳಿ. ಜೋರಾಗಿ ಓದಿ. ಮೊದಲನೆಯದನ್ನು ‘ಅರ್ಧ ಕೇಜಿ’ ಅಂದಿರಿ, ಎರಡನೆಯದನ್ನು ‘ಒಂದೂವರೆ ಕೇಜಿ’ ಅಂದಿರಿ. ಗುರುತು ಒಂದೇ, ಬಾಯಿಗೆ ಬಂದದ್ದು ಎರಡು. ‘ಒಂದು ಅರ್ಧ ಕೇಜಿ ಸಕ್ಕರೆ’ ಎಂದು ಕೇಳಿದ್ದರೆ ಅಂಗಡಿಯವರು ಅರ್ಧ ಕೇಜಿಯನ್ನೇ ಕಟ್ಟಿಕೊಡುತ್ತಿದ್ದರು. ಅರ್ಧ ಸಂಸ್ಕೃತದಿಂದ ಬಂದ ಪದ, ಅರೆ ನಮ್ಮ ಮನೆಯದು. ½ರ ‘ಸರಿಯಾದ’ ಉಚ್ಚಾರಣೆ ಯಾವುದು ಎಂದು ನೀವು ಯಾರನ್ನಾದರೂ ಕೇಳಿದ್ದೀರಾ?

ಓನ್ ಮತ್ತು ಕುನ್ ಅಂದರೆ ಇಷ್ಟೇ. ಕಂಜಿ ಜಪಾನಿಗೆ ಹೋಗುವಾಗ ಬರೀ ಗೆರೆಗಳಾಗಿ ಹೋಗಲಿಲ್ಲ, ಚೀನೀ ಪದವನ್ನೂ ಹೊತ್ತುಕೊಂಡು ಹೋಯಿತು. ಜಪಾನಿನವರ ಬಾಯಲ್ಲಿ ಅದೇ ಅರ್ಥದ ಸ್ವಂತ ಪದ ಮೊದಲೇ ಇತ್ತು. ಎರಡನ್ನೂ ಒಂದೇ ಗುರುತಿಗೆ ಕಟ್ಟಿದರು. ಚೀನಾದಿಂದ ಬಂದ ಪದದ ಓದು ಓನ್, ಮನೆಮಾತಿನ ಓದು ಕುನ್.

ನಮಗೂ ಲಿಪಿ ಬ್ರಾಹ್ಮಿಯಿಂದ ಬಾರದೆ ಹಾಗೆಯೇ ಬಂದಿದ್ದರೆ ಏನಾಗುತ್ತಿತ್ತು? [ನೀರು] ಎಂಬ ಗುರುತು ಒಂಟಿಯಾಗಿ ನಿಂತಾಗ ‘ನೀರು’ ಎನ್ನುತ್ತಿದ್ದೆವು. ಅದರ ಪಕ್ಕ ಬೀಳುವುದರ ಗುರುತು ಬಂದರೆ ‘ಜಲಪಾತ’ ಎನ್ನುತ್ತಿದ್ದೆವು, ‘ನೀರುಪಾತ’ ಎಂದಲ್ಲ. [ಕಣ್ಣು] ಒಂಟಿಯಾದರೆ ಕಣ್ಣು, [ಕೊಡು] ಜೊತೆಗೆ ಬಂದರೆ ನೇತ್ರದಾನ. [ಹಲ್ಲು] ಒಂಟಿಯಾದರೆ ಹಲ್ಲು, ವೈದ್ಯರ ಬೋರ್ಡಿನ ಮೇಲೆ ದಂತ. ಐದನೇ ಕ್ಲಾಸಿನ ಮಗುವೂ ‘ಕಣ್ಣುದಾನ ಶಿಬಿರ’ ಎಂದು ಓದುವುದಿಲ್ಲ. ಅದಕ್ಕೆ ನೇತ್ರದಾನ ಎಂಬ ಪದ ಗೊತ್ತು. ಗುರುತು ಆ ಪದವನ್ನು ನೆನಪಿಸುತ್ತದೆ ಅಷ್ಟೇ.

ಜಪಾನಿನಲ್ಲೂ [ನೀರು] ಒಂಟಿಯಾಗಿ ನಿಂತರೆ ಮಿಝು. [ನೀರು][ದಾರಿ] ಅಂದರೆ ನಲ್ಲಿನೀರಿನ ವ್ಯವಸ್ಥೆ, ಅಲ್ಲಿ ಅದು ಸುಯಿ: ‘ಸುಯಿದೋ’. ಬುಧವಾರ ‘ಸುಯಿಯೋಬಿ’, ಅಲ್ಲೂ ಸುಯಿ. ಬುಧವಾರಕ್ಕೆ ನೀರು ಎಲ್ಲಿಂದ ಬಂತು ಅಂದರೆ, ಚೀನೀ ಲೆಕ್ಕದಲ್ಲಿ ಬುಧಗ್ರಹ ‘ನೀರಿನ ನಕ್ಷತ್ರ’. ಗ್ರಹಗಳ ಹೆಸರಿನ ಏಳು ವಾರ ಭಾರತದ ಬೌದ್ಧ ಜ್ಯೋತಿಷ ಗ್ರಂಥಗಳ ಜೊತೆ ಚೀನಾ ದಾಟಿ ಜಪಾನ್ ಸೇರಿತು. ಅವರ ಬುಧವಾರವೂ ನಮ್ಮ ಬುಧನ ವಾರವೇ.

[ಬೆಟ್ಟ] ಒಂಟಿಯಾದರೆ ಯಾಮಾ, ಜೋಡಿಯಾದರೆ ಸಾಮಾನ್ಯವಾಗಿ ಸಾನ್. ಹಾಗಾಗಿಯೇ ಫುಜಿಸಾನ್. ‘ಜಪಾನಿನವರು ಬೆಟ್ಟಕ್ಕೂ ಮರ್ಯಾದೆ ಕೊಟ್ಟು ಫುಜಿಯವರೇ ಎನ್ನುತ್ತಾರೆ’ ಎಂದು ಪ್ರವಾಸ ಕಥನಗಳಲ್ಲಿ ಕಣ್ಣೀರು ತುಂಬಿಕೊಂಡು ಬರೆಯುವವರಿದ್ದಾರೆ. ಮನುಷ್ಯರ ಹೆಸರಿನ ಕೊನೆಗೆ ಹಚ್ಚುವ ಸಾನ್ ಬೇರೆ, ಈ ಸಾನ್ ಬೇರೆ. ಇದು ನಮ್ಮ ನೀಲಗಿರಿಯ ‘ಗಿರಿ’ ಇದ್ದ ಹಾಗೆ.

ಇಲ್ಲಿಯವರೆಗೆ ಸುಲಭ. ‘ಹಾಗಾದರೆ ಓನ್ ಒಂದೇ ಇರಬೇಕಲ್ಲ, ಮೂರು ಯಾಕೆ?’ ಎಂದು ನೀವು ಕೇಳುತ್ತೀರಿ. ಚೀನೀ ಪದಗಳು ಒಂದೇ ಸಲ ಬರಲಿಲ್ಲ. ಮೊದಲ ಅಲೆ ದಕ್ಷಿಣ ಚೀನಾದ ಉಚ್ಚಾರಣೆಯಲ್ಲಿ, ಬೌದ್ಧ ಗ್ರಂಥಗಳ ಜೊತೆ ಬಂತು, ಅದು ಗೋ‌ಓನ್. ಆಮೇಲೆ ತಾಂಗ್ ವಂಶದ ಕಾಲದಲ್ಲಿ ಓದಲು ಹೋದವರು ರಾಜಧಾನಿ ಚಾಂಗಾನ್‌ನ ಉಚ್ಚಾರಣೆ ತಂದರು, ಅದು ಕಾನ್‌ಓನ್. ಅದಕ್ಕೂ ಆಮೇಲೆ ಝೆನ್ ಸನ್ಯಾಸಿಗಳು, ವ್ಯಾಪಾರಿಗಳು ಮತ್ತೊಂದಿಷ್ಟು ತಂದರು; ಅದು ತೋಓನ್. ಹೊಸದು ಬಂತೆಂದು ಹಳೆಯದನ್ನು ಎಸೆಯಲಿಲ್ಲ. ನಮ್ಮಲ್ಲಿ ‘ಪರ್ವ’ ಒಂದು ದಾರಿಯಲ್ಲಿ ಬಂದು ಪರ್ವವಾಗಿಯೇ ಉಳಿದು, ಇನ್ನೊಂದು ದಾರಿಯಲ್ಲಿ ಸವೆದು ‘ಹಬ್ಬ’ವಾಗಲಿಲ್ಲವೇ? ‘ಕಾರ್ಯ’ವೂ ಇದೆ, ‘ಕಜ್ಜ’ವೂ ಇದೆ. ನಾವು ಅವನ್ನು ಬೇರೆ ಬೇರೆ ಕಾಗುಣಿತದಲ್ಲಿ ಬರೆಯುತ್ತೇವೆ, ಅವರು ಒಂದೇ ಗುರುತಿನಲ್ಲಿ ಬರೆಯುತ್ತಾರೆ.

[ಹೋಗು] ನೋಡಿ. ಸರತಿ ಸಾಲಿಗೆ ‘ಗ್ಯೋರೆತ್ಸು’, ಇಲ್ಲಿ ಅದು ಗ್ಯೋ. ಪ್ರವಾಸಕ್ಕೆ ‘ರ್‍ಯೊಕೋ’, ಇಲ್ಲಿ ಕೋ. ಇನ್ನು ಬಿಡದಿ ಕಡೆ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ‘ಆಂಡಾನ್’ ಗೊತ್ತು: ಅಸೆಂಬ್ಲಿ ಲೈನಿನ ಮೇಲೆ ತೂಗುವ ದೀಪದ ಬೋರ್ಡು, ಎಲ್ಲಿ ತೊಂದರೆಯಾಗಿದೆ ಎಂದು ತೋರಿಸುವಂಥದ್ದು. ಅದು [ಹೋಗು][ದೀಪ], ಹೊತ್ತುಕೊಂಡು ಹೋಗುತ್ತಿದ್ದ ಕಾಗದದ ಲಾಂದ್ರದ ಹೆಸರು. ಇಲ್ಲಿ [ಹೋಗು] ‘ಅನ್’, ಕೊನೆಯ ಅಲೆಯದು. ದಿನಕ್ಕೆ ಹತ್ತು ಸಲ ಆ ಬೋರ್ಡಿನ ಹೆಸರು ಹೇಳುವ ಹುಡುಗರು ಓನ್ ಪಟ್ಟಿ ಯಾವತ್ತೂ ನೋಡಿದವರಲ್ಲ. ಪದ ಗೊತ್ತು, ಸಾಕು.

ಈಗ ಒಂದು ವಾಕ್ಯ: ‘ಇಚಿಗಾತ್ಸು ತ್ಸುಇತಾಚಿ ವಾ ನಿಚಿಯೋಬಿ ದೆ ಶುಕುಜಿತ್ಸು.’ ಜನವರಿ 1 ಭಾನುವಾರ, ರಜಾದಿನ ಕೂಡ. 2023ರಲ್ಲಿ ಹಾಗೇ ಆಗಿತ್ತು. ಇದರಲ್ಲಿ [ದಿನ] ಎಂಬ ಒಂದೇ ಕಂಜಿ ನಾಲ್ಕು ಸಲ ಬರುತ್ತದೆ. ನಿಚಿಯೋಬಿಯ ತಲೆಯಲ್ಲಿ ‘ನಿಚಿ’, ಬಾಲದಲ್ಲಿ ‘ಬಿ’, ಶುಕುಜಿತ್ಸುವಿನಲ್ಲಿ ‘ಜಿತ್ಸು’. ‘ತ್ಸುಇತಾಚಿ’ಯಲ್ಲಂತೂ [ಒಂದು] ಎಷ್ಟು, [ದಿನ] ಎಷ್ಟು ಎಂದು ಪಾಲು ಮಾಡಲು ಬರುವುದೇ ಇಲ್ಲ. ಅದು ‘ತಿಂಗಳು ಶುರು’ ಎಂಬ ಹಳೆಯ ಪದ. ಎರಡು ಕಂಜಿಯ ಮೇಲೆ ಅದನ್ನು ಇಡಿಯಾಗಿ ಹೊದಿಸಿದ್ದಾರೆ. ನಿಮ್ಮ ಆ್ಯಪ್‌ನ ಪಟ್ಟಿಯಲ್ಲಿ ಇದು [ದಿನ]ದ ಕೆಳಗೂ ಇರುವುದಿಲ್ಲ, [ಒಂದು]ರ ಕೆಳಗೂ ಇರುವುದಿಲ್ಲ.

ಗಾಬರಿಯಾಗಬೇಡಿ, ಇಂಥದ್ದನ್ನು ನೀವೂ ಮಾಡುತ್ತೀರಿ. ‘2 ಜನ ಬಂದಿದ್ರು’ ಎಂದು ಬರೆದದ್ದನ್ನು ಎಷ್ಟೋ ಮಂದಿ ‘ಇಬ್ಬರು ಬಂದಿದ್ರು’ ಎಂದೇ ಓದುತ್ತಾರೆ. ಜಪಾನಿನಲ್ಲೂ ಒಬ್ಬರಿಗೆ ಹಿತೊರಿ, ಇಬ್ಬರಿಗೆ ಫುತಾರಿ, ಮೂವರಾದ ಕೂಡಲೇ ಚೀನೀ ಲೆಕ್ಕದ ಸಾನ್ನಿನ್.

ಇನ್ನು ಬಾಲದ ವಿಷಯ. ಚೀನೀ ಕ್ರಿಯಾಪದಕ್ಕೆ ಪ್ರತ್ಯಯ ಹತ್ತುವುದಿಲ್ಲ. ಜಪಾನಿಗೆ ನಮ್ಮ ಹಾಗೆಯೇ ಹತ್ತುತ್ತದೆ. ‘ನಾನು ಮನೆಗೆ ಹೋದೆ’ ಎಂಬುದನ್ನು ಅವರ ರೀತಿಯಲ್ಲಿ ಬರೆದರೆ [ನಾನು] [ಮನೆ]ಗೆ [ಹೋ]ದೆ. ಆವರಣದ ಒಳಗಿನದು ಕಂಜಿ, ಹೊರಗಿನದು ಹಿರಗಾನ. ಆ ಹಿರಗಾನದ ಬಾಲವೇ ಓದನ್ನೂ ಹೇಳಿಕೊಡುತ್ತದೆ. [ಜೀವ] ಎಂಬ ಕಂಜಿಗೆ ‘ಕಿರು’ ಬಾಲವಿದ್ದರೆ ಇಕಿರು, ಬದುಕು. ‘ಮರೆರು’ ಬಾಲವಿದ್ದರೆ ಉಮರೆರು, ಹುಟ್ಟು. ಬಾಲವಿಲ್ಲದೆ ಒಂಟಿಯಾದರೆ ನಾಮಾ, ಹಸಿ. ನೀವು ನನ್ನನ್ನು ಕರೆಯುವ ‘ಸೆನ್ಸೆಯಿ’ಯಲ್ಲಿ ಇರುವುದೂ ಇದೇ ಅಕ್ಷರ: [ಮೊದಲು][ಜೀವ], ಮೊದಲು ಹುಟ್ಟಿದವರು.

ಹಾಗಾಗಿ ನಿಯಮ ಬೇಕೇಬೇಕು ಎನ್ನುವವರಿಗೆ: ಬಾಲವಿದ್ದರೆ ಅಥವಾ ಒಂಟಿಯಾಗಿದ್ದರೆ ಬಹುಮಟ್ಟಿಗೆ ಕುನ್, ಎರಡು ಕಂಜಿ ಮೈಗೆ ಮೈ ತಾಗಿಸಿ ನಿಂತಿದ್ದರೆ ಬಹುಮಟ್ಟಿಗೆ ಓನ್. [ಕೈ][ಕಾಗದ], ಅಂದರೆ ಪತ್ರ, ‘ತೆಗಾಮಿ’. ಅದು ಎರಡೂ ಕುನ್, ನಿಯಮದ ಹೊರಗೆ. ಇಂಥವು ಬೇಕಾದಷ್ಟಿವೆ.

ಇವತ್ತೇ ಆ ಪಟ್ಟಿ ನಿಲ್ಲಿಸಿ. ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಒಂದು ಕಂಜಿಗೆ ಮೂರು ಪದ, ಮೂರೂ ನೀವು ಈ ವಾರ ಪಾಠದಲ್ಲಿ ನಿಜವಾಗಿ ಕಂಡ ಪದಗಳಾಗಿರಲಿ. ಮೇಲೆ ಸಣ್ಣ ಹಿರಗಾನದಲ್ಲಿ ಓದು, ಅಂದರೆ ಫುರಿಗಾನ. ಕೈಯಲ್ಲೇ ಬರೆಯಿರಿ. ‘ಈ ಕಾಲದಲ್ಲಿ ಕೈಬರಹ ಯಾಕೆ ಮೇಡಂ’ ಎನ್ನುವವರು ಇದ್ದಾರೆ. ಬರೆಯದಿದ್ದರೂ ಪರೀಕ್ಷೆ ಪಾಸಾಗಬಹುದು, ಒಪ್ಪಿದೆ. ಆದರೆ [ಕಾಯು] ಮತ್ತು [ಹಿಡಿ] ಎರಡರ ಬಲಭಾಗ ಒಂದೇ. ಬರೆದು ನೋಡದವರು ಇವೆರಡನ್ನು ವರ್ಷಗಟ್ಟಲೆ ಅದಲುಬದಲು ಮಾಡುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ.

‘ಚಿತ್ರ ನೋಡಿ, 90 ದಿನದಲ್ಲಿ 2000 ಕಂಜಿ’ ಎಂಬ ಕೋರ್ಸಿಗೆ ಹದಿನೆಂಟು ಸಾವಿರ ಕೇಳುತ್ತಿದ್ದಾರೆ. ಸೇರಬಹುದೇ? (ಐಟಿ ಉದ್ಯೋಗಿ, ಮೈಸೂರು)

ಬೇಡ. ಜಪಾನಿನ ಮಕ್ಕಳು ಒಂದನೇ ತರಗತಿಯಲ್ಲಿ ಕಲಿಯುವುದು 80 ಕಂಜಿ. ಆರು ವರ್ಷದ ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ 1026. ಸರ್ಕಾರ ದಿನಬಳಕೆಗೆಂದು ಗುರುತಿಸಿದ ಜೋಯೋ ಪಟ್ಟಿ, 2010ರ ಪರಿಷ್ಕರಣೆಯ ಪ್ರಕಾರ, 2136. ಅಮ್ಮನ ಮಾತು, ಬಸ್ಸಿನ ಬೋರ್ಡು, ಬಿಸ್ಕತ್ತಿನ ಪ್ಯಾಕೆಟ್ಟು ಎಲ್ಲವೂ ಜಪಾನೀ ಆಗಿರುವ ಮಗುವಿಗೇ ಇಷ್ಟು ವರ್ಷ ಬೇಕು.

ಚಿತ್ರದ ಕಥೆಯೂ ಅರ್ಧ ಸುಳ್ಳು. [ಬೆಟ್ಟ], [ಮರ], [ಬಾಯಿ] ಚಿತ್ರಗಳೇ ಹೌದು, ಅವು ಕೆಲವೇ. ಹೆಚ್ಚಿನ ಕಂಜಿಗಳು ಜೋಡಣೆ: ಒಂದು ತುಂಡು ಅರ್ಥದ ಕಡೆ ಬೆರಳು ತೋರಿಸುತ್ತದೆ, ಇನ್ನೊಂದು ತುಂಡು ಉಚ್ಚಾರಣೆಯನ್ನು ಹೇಳುತ್ತದೆ. ‘ಸೆಯಿ’ ಎಂದು ಓದುವ [ನೀಲಿ]ಯ ಎಡಕ್ಕೆ ನೀರಿನ ಮೂರು ಹನಿ ಇಟ್ಟರೆ [ತಿಳಿ], ಸೂರ್ಯನನ್ನಿಟ್ಟರೆ [ಮೋಡವಿಲ್ಲದ ಆಕಾಶ], ಅಕ್ಕಿಯನ್ನಿಟ್ಟರೆ [ಸತ್ವ], ಮಾತನ್ನಿಟ್ಟರೆ [ಬೇಡಿಕೆ]. ನಾಲ್ಕರ ಓನ್ ಓದೂ ಸೆಯಿ. ಕೆಲಸಕ್ಕೆ ಬರುವ ಈ ವಿಷಯ ಬಿಟ್ಟು ‘ನೀಲಿ ಅಕ್ಕಿ ತಿಂದರೆ ಸತ್ವ’ ಎಂದು ಕಥೆ ಕಟ್ಟಿ ಹೇಳಿಕೊಡುತ್ತಾರೆ, ಅದಕ್ಕೆ ಹದಿನೆಂಟು ಸಾವಿರ. ‘ಮನುಷ್ಯ ಎಂಬ ಕಂಜಿ ಇಬ್ಬರು ಒಬ್ಬರಿಗೊಬ್ಬರು ಆನಿಕೊಂಡು ನಿಂತಿರುವುದು’ ಎನ್ನುವುದೂ ಅದೇ ಜಾತಿಯ ಕಥೆ. ಹಳೆಯ ರೂಪ ನೋಡಿದರೆ ಅಲ್ಲಿರುವುದು ಪಕ್ಕದಿಂದ ಕಾಣುವ ಒಬ್ಬನೇ ಆಸಾಮಿ.

ಕೆಲವು ಕಡೆ ಕಂಜಿ ಅರ್ಥವನ್ನು ಪೂರ್ತಿ ಬಿಟ್ಟು ಬರೀ ಉಚ್ಚಾರಣೆಗೆ ನಿಲ್ಲುತ್ತದೆ. ಬೌದ್ಧರ ‘ನಮು ಅಮಿದಾ ಬುತ್ಸು’ವಿನ ನಮು ನಮ್ಮ ‘ನಮೋ’. ಅದನ್ನು ಬರೆಯುವುದು [ದಕ್ಷಿಣ][ಇಲ್ಲ] ಎಂದು. ಚಿತ್ರ ನೋಡಿ ಅರ್ಥ ಮಾಡುವ ಮೇಷ್ಟ್ರುಗಳು ಇದನ್ನು ‘ದಕ್ಷಿಣೆ ಇಲ್ಲ’ ಎಂದು ಓದಿಕೊಂಡರೆ ಒಳ್ಳೆಯದು.

ನಮ್ಮ ಕಂಪನಿಯ ತರಬೇತಿಯಲ್ಲಿ ‘ಬಿಕ್ಕಟ್ಟು ಎಂಬ ಕಂಜಿ ಅಪಾಯ ಮತ್ತು ಅವಕಾಶ ಎರಡೂ ಸೇರಿದ್ದು’ ಎಂದರು. ನಿಜವೇ?

ಸುಳ್ಳು. ಬಿಕ್ಕಟ್ಟಿಗೆ ಜಪಾನೀ ಪದ ‘ಕಿಕಿ’, ಅದರ ಎರಡನೇ ಅಕ್ಷರಕ್ಕೆ ಅಲ್ಲಿರುವ ಅರ್ಥ ತಿರುವಿನ ಗಳಿಗೆ. ಅದೇ ಅಕ್ಷರ ‘ಹಿಕೋಕಿ’ಯಲ್ಲೂ ಇದೆ, ವಿಮಾನ, ಅಲ್ಲಿ ಯಂತ್ರ. ಮುಂದಿನ ಸಲ ಸ್ಲೈಡ್ ತೋರಿಸಿದಾಗ ‘ವಿಮಾನದಲ್ಲಿ ಹಾರುವ ಅವಕಾಶವಾ ಸರ್?’ ಎಂದು ಕೇಳಿ.

ಕನಾ ಇರುವಾಗ ಕಂಜಿ ಯಾಕೆ ಬೇಕು? ಜಪಾನಿನವರು ಅದನ್ನು ಕೈಬಿಡಬಾರದೇ? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಗುರುಗಳೇ, ಇದನ್ನು ಅವರೇ ನಮಗಿಂತ ಮೊದಲು ಕೇಳಿಕೊಂಡಿದ್ದಾರೆ. ಮುಂದೆ ಜಪಾನಿನ ಅಂಚೆ ವ್ಯವಸ್ಥೆ ಕಟ್ಟಲಿದ್ದ ಮಾಯೆಜಿಮಾ ಹಿಸೊಕಾ 1866ರಲ್ಲೇ ಕಂಜಿ ನಿಲ್ಲಿಸಿ ಎಂದು ಆಗಿನ ಸೇನಾ ಆಡಳಿತಗಾರ ಶೋಗುನರಿಗೆ ಮನವಿ ಕೊಟ್ಟಿದ್ದರು. ಯುದ್ಧ ಸೋತ ಮೇಲೆ, 1946ರಲ್ಲಿ, ಹೆಸರಾಂತ ಲೇಖಕ ಶಿಗಾ ನಾವೊಯಾ ‘ಜಪಾನೀ ಭಾಷೆಯನ್ನೇ ಬಿಟ್ಟು ಫ್ರೆಂಚ್ ಹಿಡಿಯೋಣ’ ಎಂದು ಬರೆದರು. ಅದೇ ವರ್ಷ ಸರ್ಕಾರ 1850 ಅಕ್ಷರಗಳ ತೋಯೋ ಪಟ್ಟಿ ಮಾಡಿ ಕಂಜಿಗೆ ಮೂಗುದಾರ ಹಾಕಿತು. ಹಗ್ಗ ಆಮೇಲೆ ಸಡಿಲವಾಯಿತೇ ಹೊರತು ಬಿಗಿಯಾಗಲಿಲ್ಲ: 1981ರಲ್ಲಿ 1945 ಆಯಿತು, 2010ರಲ್ಲಿ 2136.

ಕಾರಣ ಎರಡು. ಚೀನೀ ಪದಗಳು ಜಪಾನಿಗೆ ಬರುವಾಗ ಸ್ವರದ ಏರಿಳಿತ ಕಳೆದುಕೊಂಡವು. ಹಾಗಾಗಿ ಕಿವಿಗೆ ಒಂದೇ ಕೇಳುವ ಪದಗಳ ರಾಶಿ. ವಿಜ್ಞಾನವೂ ‘ಕಗಾಕು’, ರಸಾಯನಶಾಸ್ತ್ರವೂ ‘ಕಗಾಕು’. ಖಾಸಗಿ ಶಾಲೆಗೂ ನಗರಸಭೆ ಶಾಲೆಗೂ ‘ಶಿರಿತ್ಸು’. ಮಾತಿನಲ್ಲಿ ಗೊಂದಲವಾದರೆ ಅವರು ಕಂಜಿಯ ಕುನ್ ಓದನ್ನು ತಂದು ‘ವತಾಕುಶಿರಿತ್ಸು’, ‘ಇಚಿರಿತ್ಸು’ ಎಂದು ಬಿಡಿಸಿ ಹೇಳುತ್ತಾರೆ. ನಾವು ಫೋನಿನಲ್ಲಿ ‘ಶಂಖದ ಶ, ಷಟ್ಕೋಣದ ಷ’ ಅನ್ನುವ ಹಾಗೆ. ಕಂಜಿ ಕಾಗದದ ಮೇಲಷ್ಟೇ ಅಲ್ಲ, ಅವರ ಬಾಯಲ್ಲೂ ಇದೆ.

ಎರಡನೆಯದು, ಜಪಾನೀ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ‘ನಿವಾ ನಿ ವಾ ನಿವಾ ನಿವಾತೊರಿ ಗಾ ಇರು’, ಅಂಗಳದಲ್ಲಿ ಎರಡು ಕೋಳಿ ಇವೆ. ಇದನ್ನು ಬರೀ ಹಿರಗಾನದಲ್ಲಿ ಒಂದೇ ಉಸಿರಿಗೆ ಬರೆದರೆ ಅಂಗಳ ಎಲ್ಲಿ ಮುಗಿಯಿತು, ಕೋಳಿ ಎಲ್ಲಿ ಶುರುವಾಯಿತು? [ಅಂಗಳ], [ಎರಡು], [ಕೋಳಿ] ದಪ್ಪಗೆ ಎದ್ದು ನಿಂತರೆ ಕಣ್ಣು ಅವುಗಳ ಮೇಲೆ ಕಾಲಿಟ್ಟು ದಾಟುತ್ತದೆ, ಹೊಳೆ ದಾಟುವಾಗ ಕಲ್ಲಿನ ಮೇಲೆ ಹೆಜ್ಜೆ ಇಟ್ಟ ಹಾಗೆ.

ಟೈಪ್ ಮಾಡುವ ಕಷ್ಟ ಒಂದು ಬಾಕಿ ಇತ್ತು. 1978ರಲ್ಲಿ ತೋಶಿಬಾ ಕಂಪನಿ ಕನಾ ಒತ್ತಿದರೆ ಕಂಜಿ ಕೊಡುವ ಯಂತ್ರ ತಂದಿತು. ಮೇಜಿನಷ್ಟು ದೊಡ್ಡದು, ಬೆಲೆ 63 ಲಕ್ಷ ಯೆನ್. ಈಗ ಅದು ಎಲ್ಲರ ಜೇಬಿನಲ್ಲಿದೆ. ಇನ್ನು ಕೈಬಿಡುವ ಮಾತು ಮುಗಿಯಿತು ಅನ್ನಿಸುತ್ತದೆ. ಓದಲು ಬಂದರೂ ಬರೆಯಲು ಕೈ ಮರೆತವರು ಅಲ್ಲಿ ಹೆಚ್ಚಾಗಿದ್ದಾರೆ, ಅದು ಬೇರೆ ದೂರು.

ಜಪಾನೀ ಅಕ್ಷರಮಾಲೆ ಕನ್ನಡದಿಂದ ಹೋದದ್ದು ಎಂದು ವಾಟ್ಸಾಪ್‌ನಲ್ಲಿ ಬಂದಿದೆ.

ಅಳಿಸಿಹಾಕಿ. ಹಿರಗಾನ ಹುಟ್ಟಿದ್ದು ಕಂಜಿಯನ್ನು ಸರಸರನೆ ಬರೆದು ಸವೆದದ್ದರಿಂದ, ಕತಕಾನ ಕಂಜಿಯ ತುಂಡುಗಳಿಂದ. ಆದರೆ ಅವುಗಳನ್ನು ಸಾಲಾಗಿ ನಿಲ್ಲಿಸಿದ ಕ್ರಮ ನೋಡಿ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಚ ಇರಬೇಕಾದಲ್ಲಿ ಸ ಇದೆ. ಹ ಹಿಂದೆ ‘ಪ’ ಆಗಿತ್ತು, ಅದಕ್ಕೇ ಮ ಅದರ ಪಕ್ಕ ನಿಂತಿದೆ. ನಮ್ಮ ಕಾಗುಣಿತ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಬೌದ್ಧ ಸನ್ಯಾಸಿಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿತರು, ಆ ವರ್ಣಮಾಲೆಯ ಕ್ರಮ ಕನಾಕ್ಕೂ ಬಂತು. ಸಿದ್ಧಂ, ಕನ್ನಡ ಎರಡೂ ಬ್ರಾಹ್ಮಿಯ ಮಕ್ಕಳು. ಅಕ್ಷರ ಚೀನಾದ್ದು, ಪಂಕ್ತಿ ಭಾರತದ್ದು, ಕನ್ನಡದಿಂದ ಹೋದದ್ದಲ್ಲ.

ತೋಳಿನ ಮೇಲೆ ಕಂಜಿ ಹಚ್ಚೆ ಹಾಕಿಸಬೇಕು, ‘ಧೈರ್ಯ’ ಎಂದು ಬರೆದುಕೊಡುತ್ತೀರಾ?

ಇಲ್ಲ.

ನನ್ನ ಹೆಸರನ್ನು ಕಂಜಿಯಲ್ಲಿ ಹೇಗೆ ಬರೆಯುವುದು?

ಬರೆಯುವುದಿಲ್ಲ. ಕತಕಾನದಲ್ಲಿ ಬರೆಯಿರಿ.

ಚೈನೀಸ್ ಬಂದರೆ ಜಪಾನೀ ಓದಬಹುದಲ್ಲವೇ?

ಮೇಲೆ ಹೇಳಿದ [ಕೈ][ಕಾಗದ] ಜಪಾನಿನಲ್ಲಿ ಪತ್ರ, ಚೀನಾದಲ್ಲಿ ಶೌಚಾಲಯದ ಕಾಗದ. ಓದಿ ನೋಡಿ.

ಜಪಾನೀ ಅತಿಥಿಗಳ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರು ಕಂಜಿಯಲ್ಲಿ ಮಾತ್ರ ಇದ್ದರೆ ಹೇಗೆ ಓದುವುದು? (ಕಾರ್ಖಾನೆಯ ಮಾನವ ಸಂಪನ್ಮೂಲ ವಿಭಾಗ)

ಅವರನ್ನೇ ಕೇಳುವುದು. ಬೇರೆ ದಾರಿಯಿಲ್ಲ, ಇದರಲ್ಲಿ ಅವಮಾನವೂ ಇಲ್ಲ. ಜಪಾನಿನವರೇ ಪರಸ್ಪರ ಕೇಳಿಕೊಳ್ಳುತ್ತಾರೆ. ಹೆಸರಿನ ಓದಿಗೆ ಓನ್ ಕುನ್ ನಿಯಮ ಯಾವುದೂ ನಡೆಯುವುದಿಲ್ಲ. ಅವರ ಕುಟುಂಬ ನೋಂದಣಿ ದಾಖಲೆ ‘ಕೊಸೆಕಿ’ಯಲ್ಲಿ ಇತ್ತೀಚಿನವರೆಗೂ ಹೆಸರಿನ ಕಂಜಿ ಇರುತ್ತಿತ್ತೇ ಹೊರತು ಅದನ್ನು ಹೇಗೆ ಓದಬೇಕು ಎಂಬುದು ಇರುತ್ತಿರಲಿಲ್ಲ. ಓದನ್ನೂ ದಾಖಲಿಸಬೇಕೆಂಬ ಕಾನೂನು ಜಾರಿಗೆ ಬಂದದ್ದು 2025ರ ಮೇ 26ರಂದು.

ನಾನು ಇದನ್ನು ಕಲಿತದ್ದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ. ಒಂದು ಕಾರ್ಖಾನೆಗೆ ಬರುವ ತಜ್ಞರನ್ನು ಎದುರುಗೊಳ್ಳಬೇಕಿತ್ತು. ಈಮೇಲಿನಲ್ಲಿ ಹೆಸರು [ನದಿ][ಬಯಲು] ಎಂದಷ್ಟೇ ಇತ್ತು. ನನಗೇನು, ಕಂಜಿ ಬಲ್ಲವಳು. ರಟ್ಟಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ದಪ್ಪಗೆ ‘ಕವಾನೊ’ ಎಂದು ಬರೆದು ಎತ್ತಿ ಹಿಡಿದು ನಿಂತೆ. ಬೂದು ಕೋಟಿನ ಹಿರಿಯರೊಬ್ಬರು ನನ್ನ ಮುಂದೆಯೇ ಮೂರು ಸಲ ಹಾದುಹೋದರು, ಪ್ರತಿ ಸಲವೂ ರಟ್ಟನ್ನು ಓದಿ, ತಲೆ ತಗ್ಗಿಸಿ, ಮುಂದೆ ಹೋದರು. ನಲವತ್ತು ನಿಮಿಷವಾದ ಮೇಲೆ ಕಾಫಿ ಅಂಗಡಿಯ ಹತ್ತಿರ ಹೋಗಿ ಕೇಳಿದೆ. ‘ಕೋನೋ ಎಂದು ಬರೆದವರು ಯಾರೂ ಕಾಣಲಿಲ್ಲ’ ಎಂದು ಅವರೇ ನನ್ನಲ್ಲಿ ಕ್ಷಮೆ ಕೇಳಿದರು.

ಈಗ ರಟ್ಟಿನ ಮೇಲೆ ಕಂಜಿಯನ್ನೇ ಬರೆಯುತ್ತೇನೆ. ಓದಿಕೊಳ್ಳುವ ಕೆಲಸ ಹೆಸರಿನವರದು.